ನಾಲ್ಕನೇ ನಂಬರಿನ ಜೈಲು

ಎರಡು ನೂರು ವರ್ಷಗಳ ಹಿಂದಿನ ಮಾತು. ಇಂಗ್ಲೆಂಡಿನ ಡಾರ್ಟ್‌ಮೂರ್ ಜೈಲಿನಲ್ಲಿ ಅಮೆರಿಕದ ನಾವಿಕರು ಯುದ್ಧಖೈದಿಗಳಾಗಿ ಕೊಳೆಯುತ್ತಿದ್ದರು. ಅವರು ಅಧಿಕಾರಿಗಳ ಮುಂದೆ ಎಷ್ಟೋ ಬೇಡಿಕೆ ಇಟ್ಟರು. ಬಟ್ಟೆ ಕೊಡಿ ಅಂದರು, ರೊಟ್ಟಿ ಸರಿಯಿಲ್ಲ ಅಂದರು, ಬಿಡುಗಡೆ ಮಾಡಿ ಅಂದರು. ಇವೆಲ್ಲ ಯಾವ ಖೈದಿಯಾದರೂ ಕೇಳುವಂಥವೇ. ಆದರೆ ಬಿಳಿಯ ಖೈದಿಗಳು ಕೊಟ್ಟ ಅರ್ಜಿಗಳಲ್ಲಿ ಇನ್ನೊಂದು ಬೇಡಿಕೆಯೂ ಇತ್ತು: ನಮ್ಮ ಜೊತೆಗಿರುವ ಕರಿಯರನ್ನು ಬೇರೆ ಹಾಕಿ.

ಹಾಕಿದರು. ನಾಲ್ಕನೇ ನಂಬರಿನ ಕಟ್ಟಡ ಕರಿಯರದಾಯಿತು.

ಯೋಚಿಸಿ ನೋಡಿ, ಗೆಳೆಯರೇ. ಇವರು ಒಂದೇ ಹಡಗಿನಲ್ಲಿ ದುಡಿದವರು. ಒಂದೇ ಬಾವುಟದ ಕೆಳಗೆ ಗುಂಡಿಗೆ ಎದೆ ಕೊಟ್ಟವರು. ಒಂದೇ ದಿನ ಸೆರೆ ಸಿಕ್ಕವರು. ಬಾಗಿಲಿಗೆ ಬೀಗ ಹಾಕುವವನು ಇಬ್ಬರಿಗೂ ಶತ್ರು. ಆ ಶತ್ರುವಿನ ಮುಂದೆಯೇ ಕೈಮುಗಿದು ನಿಂತು, ಇವನ ಪಕ್ಕ ನಾನು ಮಲಗಲಾರೆ ಅಂತ ಒಬ್ಬ ಖೈದಿ ಇನ್ನೊಬ್ಬ ಖೈದಿಯನ್ನು ತೋರಿಸಿ ಹೇಳುತ್ತಾನೆ. ಊರು ಯಾವುದು, ಕೇರಿ ಯಾವುದು ಅಂತ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಕಟ್ಟಡದೊಳಗಿದ್ದವರು ಯಾರು, ಅಲ್ಲಿಗೆ ಹೇಗೆ ಬಂದು ಬಿದ್ದರು, ಅಲ್ಲಿ ಏನು ಕಟ್ಟಿಕೊಂಡರು ಎಂಬುದನ್ನು ಹೇಳಲೇಬೇಕು. ಯಾಕೆಂದರೆ ನಾವು ಶಾಲೆಯಲ್ಲಿ ಓದಿದ ಅಮೆರಿಕದ ಇತಿಹಾಸ ಅಂದರೆ ವಾಷಿಂಗ್ಟನ್, ಜೆಫರ್ಸನ್, ಲಿಂಕನ್. ಹಡಗಿನ ಹಗ್ಗ ಎಳೆದವರ ಹೆಸರು ಆ ಪಾಠದಲ್ಲಿ ಇರಲಿಲ್ಲ.

ಕಡಲಿಗೆ ಹೋದವರು

ಹಾಯಿಹಡಗುಗಳ ಕಾಲದಲ್ಲಿ ನಾವಿಕನ ಬದುಕು ಸುಖದ ಬದುಕಲ್ಲ. ಬಿರುಗಾಳಿಯಲ್ಲಿ ಹಾಯಿಕಂಬ ಹತ್ತಬೇಕು. ಹುಳು ಬಿದ್ದ ಬಿಸ್ಕತ್ತು ತಿನ್ನಬೇಕು. ತಪ್ಪಿದರೆ ಬೆನ್ನಿಗೆ ಚಾವಟಿ. ಹಾಗಿದ್ದೂ ಕಪ್ಪು ಜನ ಕಡಲಿಗೆ ಹೋದರು. ನೆಲದ ಮೇಲೆ ಅವರಿಗೆ ಇದ್ದದ್ದಾದರೂ ಏನು? ದಕ್ಷಿಣದಲ್ಲಿ ಗುಲಾಮಗಿರಿ. ಉತ್ತರದಲ್ಲಿ ಸ್ವತಂತ್ರರು ಅನ್ನಿಸಿಕೊಂಡವರಿಗೂ ಯಾರೂ ಮಾಡದ ಕೆಲಸ, ಯಾರೂ ಒಪ್ಪದ ಕೂಲಿ. ಹಡಗಿನಲ್ಲಾದರೆ ಒಂದೇ ಕೆಲಸಕ್ಕೆ ಬಿಳಿಯನಿಗೆ ಸಿಕ್ಕಷ್ಟೇ ಕೂಲಿ ಕರಿಯನಿಗೂ ಬಹುಮಟ್ಟಿಗೆ ಸಿಗುತ್ತಿತ್ತು. 1800ರ ಆಸುಪಾಸಿನಲ್ಲಿ ಅಮೆರಿಕದ ನಾವಿಕರಲ್ಲಿ ಸುಮಾರು ಐವರಿಗೆ ಒಬ್ಬ ಕಪ್ಪು ಮನುಷ್ಯ.

ಹಾಗಂತ ಹಡಗು ಸಮಾನತೆಯ ಸ್ವರ್ಗವೇನೂ ಅಲ್ಲ. ಅಡುಗೆಮನೆ ಹೆಚ್ಚಾಗಿ ಕರಿಯನ ಪಾಲು, ಕಪ್ತಾನನ ಕೋಣೆ ಬಿಳಿಯನ ಪಾಲು. ಗುಲಾಮನಾಗಿ ಬಂದ ಆಫ್ರಿಕದವನೊಬ್ಬನ ಮಗ ಪಾಲ್ ಕಫಿ ಸ್ವಂತ ಹಡಗು ಕಟ್ಟಿಸಿ, ತಾನೇ ಕಪ್ತಾನನಾಗಿ ಆಫ್ರಿಕದ ದಡಕ್ಕೆ ಹೋಗಿಬಂದ. ಅಂಥವರು ಬೆರಳೆಣಿಕೆಯಷ್ಟು. ಆದರೆ ನಡುಗಡಲಲ್ಲಿ ಬಿರುಗಾಳಿ ಎದ್ದಾಗ ಹಗ್ಗದ ಇನ್ನೊಂದು ತುದಿ ಹಿಡಿದವನ ಚರ್ಮ ಯಾವ ಬಣ್ಣದ್ದು ಅಂತ ಯಾರೂ ನೋಡುವುದಿಲ್ಲ. ಅವನು ಬಿಟ್ಟರೆ ಇವನು ಸತ್ತ. ಅಷ್ಟರಮಟ್ಟಿಗೆ ಆ ಹಲಗೆಯ ಮೇಲೆ ಇಬ್ಬರೂ ಒಂದೇ.

ಅಮೆರಿಕದ ಸ್ವಾತಂತ್ರ್ಯದ ಕಥೆ ಶುರುವಾಗುವುದೇ ಇಂಥ ಒಬ್ಬ ನಾವಿಕನ ರಕ್ತದಿಂದ. 1770ರ ಮಾರ್ಚ್ 5ರಂದು ಬಾಸ್ಟನ್ ಬೀದಿಯಲ್ಲಿ ಬ್ರಿಟಿಷ್ ಸಿಪಾಯಿಗಳ ಗುಂಡಿಗೆ ಮೊದಲು ಬಿದ್ದ ಕ್ರಿಸ್ಪಸ್ ಅಟಕ್ಸ್ ಆಫ್ರಿಕದ ಮತ್ತು ಆ ನೆಲದ ಮೂಲನಿವಾಸಿಗಳ ರಕ್ತ ಬೆರೆತ ನಾವಿಕ. ಮೊದಲ ಹೆಣ ಅವನದು. ಅನಂತರ ಬರೆದ ಸಂವಿಧಾನದಲ್ಲಿ ಅವನ ಜನಕ್ಕೆ ಜಾಗ ಸಿಗಲಿಲ್ಲ.

ಗೋಲಿ ಆಡಿದ ಹುಡುಗ

ಅದೇ ಸ್ವಾತಂತ್ರ್ಯ ಯುದ್ಧದಲ್ಲಿ ಸೆರೆ ಸಿಕ್ಕ ಒಬ್ಬ ಹುಡುಗನ ಕಥೆ ಕೇಳಿ. ಹೆಸರು ಜೇಮ್ಸ್ ಫೋರ್ಟನ್. 1766ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದವನು. ಮುತ್ತಜ್ಜನನ್ನು ಆಫ್ರಿಕದಿಂದ ಸರಪಳಿ ಹಾಕಿ ತಂದಿದ್ದರು. ಅಪ್ಪ ಸ್ವತಂತ್ರ ಮನುಷ್ಯ, ಹಡಗಿನ ಹಾಯಿ ಹೊಲಿಯುವವನು. ಮಗ ಏಳು ವರ್ಷದವನಿದ್ದಾಗಲೇ ತೀರಿಕೊಂಡ. ಹುಡುಗ ಸ್ವಲ್ಪ ಕಾಲ ಶಾಲೆಗೆ ಹೋಗಿ, ಅಂಗಡಿಯಲ್ಲಿ ದುಡಿದು, 1781ರಲ್ಲಿ 'ರಾಯಲ್ ಲೂಯಿಸ್' ಎಂಬ ಹಡಗು ಹತ್ತಿದ. ಅದು ಸರ್ಕಾರದ ಪರವಾನಗಿ ಪಡೆದು ಶತ್ರುವಿನ ಹಡಗುಗಳನ್ನು ಹಿಡಿಯುವ ಖಾಸಗಿ ಯುದ್ಧಹಡಗು. ತೋಪಿಗೆ ಮದ್ದು ತಂದುಕೊಡುವುದು ಇವನ ಕೆಲಸ. ಹದಿನೈದು ದಾಟದ ಹುಡುಗ.

ಅದೇ ವರ್ಷ ಬ್ರಿಟಿಷ್ ಯುದ್ಧನೌಕೆಯೊಂದು ಆ ಹಡಗನ್ನು ಹಿಡಿಯಿತು. ಬಿಳಿಯ ನಾವಿಕನಿಗೆ ಸೆರೆ ಅಂದರೆ ಜೈಲು, ಇಲ್ಲವೇ ಖೈದಿಗಳ ಅದಲುಬದಲು. ಕಪ್ಪು ನಾವಿಕನಿಗೆ ಸೆರೆ ಅಂದರೆ ಸಂತೆ. ಸೆರೆ ಸಿಕ್ಕ ಎಷ್ಟೋ ಕಪ್ಪು ನಾವಿಕರನ್ನು ವೆಸ್ಟ್ ಇಂಡೀಸ್ ದ್ವೀಪಗಳಿಗೆ ಒಯ್ದು ಕಬ್ಬಿನ ತೋಟದ ಒಡೆಯರಿಗೆ ಮಾರಿದ್ದರು. ಒಬ್ಬನೇ ಯುದ್ಧ, ಒಂದೇ ಸೋಲು, ಆದರೆ ಸೋತವನ ಬೆಲೆ ಬೇರೆ ಬೇರೆ. ಈ ಭಯ ಫೋರ್ಟನ್‌ಗೂ ಇತ್ತು.

ಅವನನ್ನು ಉಳಿಸಿದ್ದು ಗೋಲಿ. ಆ ಬ್ರಿಟಿಷ್ ಕಪ್ತಾನನ ಮಗ ಹಡಗಿನಲ್ಲಿದ್ದ. ಇಬ್ಬರೂ ಹುಡುಗರು. ಗೋಲಿ ಆಟದಲ್ಲಿ ಫೋರ್ಟನ್‌ನ ಕೈ ಚಳಕಕ್ಕೆ ಆ ಹುಡುಗ ಮರುಳಾದ. ಕಪ್ತಾನ ಹೇಳಿದ, ನನ್ನ ಮಗನ ಜೊತೆ ಇಂಗ್ಲೆಂಡಿಗೆ ಬಾ, ಓದಿಸುತ್ತೇನೆ ಅಂತ. ಫೋರ್ಟನ್ ಒಪ್ಪಲಿಲ್ಲ. ನನ್ನ ದೇಶಕ್ಕಾಗಿ ಸೆರೆಯಾದವನು ನಾನು, ಆ ದೇಶಕ್ಕೆ ದ್ರೋಹ ಮಾಡಲಾರೆ ಎಂಬ ಅರ್ಥದ ಮಾತು ಹೇಳಿದ. ಯಾವ ದೇಶ? ಅವನ ಮುತ್ತಜ್ಜನನ್ನು ಕೊಂಡುಕೊಂಡ ದೇಶ.

ಅವನನ್ನು ನ್ಯೂಯಾರ್ಕಿನ ಕೊಲ್ಲಿಯಲ್ಲಿ ನಿಂತಿದ್ದ 'ಜರ್ಸಿ' ಎಂಬ ಜೈಲುಹಡಗಿಗೆ ತಳ್ಳಿದರು. ಹಾಯಿ ಕಿತ್ತು, ಕಿಂಡಿಗಳನ್ನು ಮುಚ್ಚಿ, ಸಾವಿರ ಮಂದಿಯನ್ನು ತುಂಬಿದ ಕೊಳೆತ ಮರದ ಹೊಟ್ಟೆ ಅದು. ಬೆಳಗಾದರೆ ಹೆಣಗಳನ್ನು ಹೊತ್ತು ದಡದ ಮರಳಲ್ಲಿ ಹೂಳುವುದೇ ಕೆಲಸ. ಆ ಕೊಲ್ಲಿಯ ಜೈಲುಹಡಗುಗಳಲ್ಲಿ ಸತ್ತವರು ಸುಮಾರು 11,500 ಎಂಬ ಅಂದಾಜಿದೆ. ಆ ಯುದ್ಧದ ರಣರಂಗಗಳಲ್ಲಿ ಸತ್ತ ಅಮೆರಿಕನ್ನರಿಗಿಂತ ಇದು ಹೆಚ್ಚು.

ಆ ನರಕದಿಂದ ಪಾರಾಗಲು ಫೋರ್ಟನ್‌ಗೆ ಒಂದು ಅವಕಾಶ ಬಂತು. ಬಿಡುಗಡೆಯಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬನ ಬಟ್ಟೆಪೆಟ್ಟಿಗೆಯಲ್ಲಿ ಅಡಗಿ ಹೊರಬೀಳಬಹುದಿತ್ತು. ಅವನು ಆ ಜಾಗವನ್ನು ತನಗಿಂತ ಕಿರಿಯನಾದ, ಕಾಯಿಲೆ ಬಿದ್ದಿದ್ದ ಡೇನಿಯಲ್ ಬ್ರೂಟನ್ ಎಂಬ ಬಿಳಿಯ ಹುಡುಗನಿಗೆ ಬಿಟ್ಟುಕೊಟ್ಟ. ಪೆಟ್ಟಿಗೆಯನ್ನು ಹೊತ್ತು ಇಳಿಸಲು ತಾನೇ ಕೈಕೊಟ್ಟ. ಏಳು ತಿಂಗಳ ನಂತರ ಬಿಡುಗಡೆಯಾಗಿ, ಎಲುಬಿನ ಗೂಡಾಗಿ ಮನೆಗೆ ನಡೆದು ಬಂದ. ಈ ಪೆಟ್ಟಿಗೆಯನ್ನು ನೆನಪಿಟ್ಟುಕೊಳ್ಳಿ. ಮೂವತ್ತು ವರ್ಷಗಳ ನಂತರ ಡಾರ್ಟ್‌ಮೂರ್‌ನ ಬಿಳಿಯರು ಕೇಳಿದ ಬೇಡಿಕೆಯ ಪಕ್ಕ ಇದನ್ನಿಟ್ಟು ನೋಡಬೇಕು.

ಫೋರ್ಟನ್ ಮುಂದೆ ಹಾಯಿ ಹೊಲಿಯುವ ಕಸುಬು ಕಲಿತು, 1798ರಲ್ಲಿ ಆ ಕಾರ್ಖಾನೆಯನ್ನೇ ಕೊಂಡು, ದೊಡ್ಡ ಶ್ರೀಮಂತನಾದ. ಅವನ ಅಟ್ಟದಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ಹೊಲಿದರು. ಓಡಿಹೋದ ಗುಲಾಮರನ್ನು ಹಿಡಿಯುವ 1793ರ ಕಾನೂನನ್ನು ತಿದ್ದಿ ಅಂತ ಫಿಲಡೆಲ್ಫಿಯಾದ ಕಪ್ಪು ಜನ ಕಾಂಗ್ರೆಸ್ಸಿಗೆ ಅರ್ಜಿ ಕೊಟ್ಟಾಗ ಅದಕ್ಕೆ ಇವನ ಸಹಿಯೂ ಇತ್ತು. 1800ರಲ್ಲಿ ಸಭೆ ಅದನ್ನು ತಳ್ಳಿಹಾಕಿತು. ವಿರೋಧವಾಗಿ 85 ಮತ, ಪರವಾಗಿ ಒಂದು. ಆ ಒಂದು ಮತ ಹಾಕಿದವನಿಗೆ ಫೋರ್ಟನ್ ಕೃತಜ್ಞತೆಯ ಪತ್ರ ಬರೆದ.

ಹದ್ದಿನ ಚಿತ್ರದ ಕಾಗದ

ಇಷ್ಟರಲ್ಲಿ ಕಡಲಿನಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಫ್ರಾನ್ಸಿನ ಜೊತೆ ವರ್ಷಗಟ್ಟಲೆ ಕಾದಾಡುತ್ತಿದ್ದ ಬ್ರಿಟನ್ನಿನ ನೌಕಾಪಡೆಗೆ ಆಳುಗಳು ಸಾಲದೆ ಬಂದರು. ಅವರು ಅಮೆರಿಕದ ಹಡಗುಗಳನ್ನು ನಡುನೀರಿನಲ್ಲಿ ತಡೆದು, ನೀನು ನಮ್ಮವನೇ ಅಂತ ನಾವಿಕರನ್ನು ಹಿಡಿದೆಳೆದುಕೊಂಡು ಹೋಗತೊಡಗಿದರು. ಹೀಗೆ ಸಾವಿರಾರು ಮಂದಿ ಬ್ರಿಟಿಷ್ ತೋಪುಗಳ ಹಿಂದೆ ಬಿಟ್ಟಿ ಆಳುಗಳಂತೆ ದುಡಿದರು.

ಅದಕ್ಕೇ 1796ರಲ್ಲಿ ಅಮೆರಿಕದ ಕಾಂಗ್ರೆಸ್ಸು ಒಂದು ಕಾನೂನು ಮಾಡಿತು. ಕಾಲು ಡಾಲರ್ ಕೊಟ್ಟರೆ ನಾವಿಕನಿಗೆ ಒಂದು ರಕ್ಷಣಾಪತ್ರ. ಅದರಲ್ಲಿ ಹೆಸರು, ವಯಸ್ಸು, ಎತ್ತರ, ಮೈಬಣ್ಣ. ಕೊನೆಗೆ, ಈತ ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಜೆ ಎಂಬ ಒಕ್ಕಣೆ. ಸ್ವತಂತ್ರ ಕಪ್ಪು ನಾವಿಕರಿಗೂ ಇದು ಸಿಗುತ್ತಿತ್ತು. ಎಷ್ಟೋ ರಾಜ್ಯಗಳಲ್ಲಿ ಮತ ಹಾಕಲಾಗದ, ಬಿಳಿಯನ ವಿರುದ್ಧ ಸಾಕ್ಷಿ ಹೇಳಲಾಗದ ಮನುಷ್ಯನ ಜೇಬಿನಲ್ಲಿ ಕೇಂದ್ರ ಸರ್ಕಾರದ ಮೊಹರು ಬಿದ್ದ ಕಾಗದ, ನೀನು ಪ್ರಜೆ ಅಂತ.

ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿತೇ? ಇಲ್ಲ. ಹಡಗಿನ ಮಾಲೀಕರಿಗೆ ಆಳುಗಳು ಬೇಕಿತ್ತು. ಆಳು ಹೋದರೆ ಸರಕು ನಿಲ್ಲುತ್ತದೆ, ಸರಕು ನಿಂತರೆ ಲಾಭ ನಿಲ್ಲುತ್ತದೆ. ವ್ಯಾಪಾರಿಯ ಅಗತ್ಯ ಕರಿಯನನ್ನು ಕಾಗದದ ಮೇಲೆ ಪ್ರಜೆ ಮಾಡಿತು. ಆದರೆ ಕಾಗದಕ್ಕೆ ಅದರದ್ದೇ ಆದ ಶಕ್ತಿ ಇರುತ್ತದೆ. ಬರೆದುಕೊಟ್ಟವನ ಉದ್ದೇಶ ಒಂದು, ಹಿಡಿದುಕೊಂಡವನ ಉಪಯೋಗ ಇನ್ನೊಂದು. ಈ ಕಾಗದವನ್ನು ಮುಂದೆ ಮತ್ತೆ ನೋಡೋಣ.

1807ರ ಜೂನ್ 22ರಂದು ವರ್ಜೀನಿಯಾದ ಕರಾವಳಿಯಲ್ಲಿ ಬ್ರಿಟನ್ನಿನ 'ಲೆಪರ್ಡ್' ಹಡಗು ಅಮೆರಿಕ ನೌಕಾಪಡೆಯ 'ಚೆಸಪೀಕ್' ಮೇಲೆ ಗುಂಡು ಹಾರಿಸಿ ನಾಲ್ವರನ್ನು ಇಳಿಸಿಕೊಂಡು ಹೋಯಿತು. ಇಡೀ ಅಮೆರಿಕ ದೇಶದ ಮಾನ ಹೋಯಿತು ಅಂತ ಕೂಗಾಡಿತು. ಆ ನಾಲ್ವರಲ್ಲಿ ಅಮೆರಿಕದವರು ಮೂವರು. ಆ ಮೂವರಲ್ಲಿ ವಿಲಿಯಂ ವೇರ್ ಮತ್ತು ಡೇನಿಯಲ್ ಮಾರ್ಟಿನ್ ಬಿಳಿಯರಲ್ಲ. ದೇಶದ ಮಾನ ಹೋಗಲು ಕರಿಯನ ಮೈ ಆಗುತ್ತದೆ, ದೇಶದಲ್ಲಿ ಪಾಲು ಕೇಳಲು ಆಗುವುದಿಲ್ಲ. ನಾವಿಕರ ಹಕ್ಕಿಗಾಗಿ ಎಂಬ ಘೋಷಣೆ ಹೊತ್ತು 1812ರಲ್ಲಿ ಅಮೆರಿಕ ಬ್ರಿಟನ್ನಿನ ಮೇಲೆ ಯುದ್ಧ ಸಾರಿತು.

ಡಾರ್ಟ್‌ಮೂರ್

ಡೆವನ್ ಸೀಮೆಯ ಎತ್ತರದ ಬೋಳು ಬಯಲು. ಮರವಿಲ್ಲ, ನೆರಳಿಲ್ಲ. ಮಂಜು, ಮಳೆ, ಕೊರೆಯುವ ಗಾಳಿ. ಅಲ್ಲಿ 1806ರಿಂದ 1809ರವರೆಗೆ ಕಗ್ಗಲ್ಲಿನಲ್ಲಿ ಕಟ್ಟಿದ ಜೈಲು ಇದು. ಮೊದಲು ಫ್ರೆಂಚ್ ಖೈದಿಗಳಿಗೆ ಅಂತ ಕಟ್ಟಿದ್ದು. ಗಾಡಿಯ ಚಕ್ರದ ಅರೆಕಾಲುಗಳಂತೆ ಉದ್ದುದ್ದ ಕಟ್ಟಡಗಳು, ಸುತ್ತ ದುಂಡನೆಯ ಗೋಡೆಗಳು. ಒಳಗೆ ಸಾಲುಸಾಲು ಜೋಲಿಗಳಲ್ಲಿ ನೂರಾರು ಮಂದಿ.

1813ರ ಏಪ್ರಿಲ್‌ನಿಂದ ಅಮೆರಿಕದವರು ಬರತೊಡಗಿದರು. ಪ್ಲಿಮತ್ ಬಂದರಿನಲ್ಲಿ ಇಳಿಸಿ, ಬಂದೂಕಿನ ನಡುವೆ ಆ ಬೆಟ್ಟಕ್ಕೆ ನಡೆಸಿಕೊಂಡು ಬರುತ್ತಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 6,500 ಅಮೆರಿಕನ್ನರು ಅಲ್ಲಿ ಸೆರೆ ಕಂಡಿದ್ದರು. ಅವರಲ್ಲಿ ಸುಮಾರು ಸಾವಿರ ಮಂದಿ ಕಪ್ಪು ನಾವಿಕರು. ಖಾಸಗಿ ಯುದ್ಧಹಡಗುಗಳಲ್ಲಿ ಸಿಕ್ಕವರು ಹೆಚ್ಚು. ಇನ್ನು ಕೆಲವರ ಕಥೆ ಬೇರೆಯೇ. ಬ್ರಿಟಿಷ್ ನೌಕಾಪಡೆ ಹಿಂದೆಯೇ ಬಲವಂತದಿಂದ ಹಿಡಿದು ದುಡಿಸಿಕೊಂಡಿದ್ದವರು ಅವರು. ಯುದ್ಧ ಶುರುವಾದಾಗ, ನಮ್ಮ ದೇಶದ ಮೇಲೆ ಗುಂಡು ಹಾರಿಸಲಾರೆವು ಅಂದರು. ಅದಕ್ಕೆ ಸಿಕ್ಕ ಬಹುಮಾನ ಡಾರ್ಟ್‌ಮೂರ್.

ಬಾಗಿಲಲ್ಲಿ ಗುಮಾಸ್ತನೊಬ್ಬ ದಪ್ಪ ರಿಜಿಸ್ಟರು ಬಿಚ್ಚಿಕೊಂಡು ಬರೆಯುತ್ತಿದ್ದ. ಹೆಸರು, ಹಿಡಿದ ಹಡಗು, ಹುಟ್ಟಿದ ಊರು, ವಯಸ್ಸು, ಎತ್ತರ, ಮೈಬಣ್ಣ. ಆಮೇಲೆ ಹಳದಿ ಬಟ್ಟೆ. ಓಡಿಹೋದರೆ ದೂರದಿಂದಲೇ ಕಾಣಲಿ ಅಂತ ಹಳದಿ. ಅದರ ಮೇಲೆ ಖೈದಿಗಳ ಉಸ್ತುವಾರಿ ಹೊತ್ತ ಇಲಾಖೆಯ ದೊಡ್ಡ ಅಕ್ಷರಗಳು. ವಾರದಲ್ಲಿ ಐದು ದಿನ ರೊಟ್ಟಿ ಮತ್ತು ಮೂಳೆ ಸೇರಿದ ಅರ್ಧ ಪೌಂಡ್ ದನದ ಮಾಂಸ, ಎರಡು ದಿನ ಮೀನು ಮತ್ತು ಆಲೂಗಡ್ಡೆ. ಲಂಡನ್ನಿನಲ್ಲಿ ಕೂತ ಅಮೆರಿಕದ ಪ್ರತಿನಿಧಿ ರೂಬೆನ್ ಬೀಸ್ಲಿ ತಮ್ಮನ್ನು ಮರೆತೇಬಿಟ್ಟಿದ್ದಾನೆ ಅಂತ ಖೈದಿಗಳೆಲ್ಲ ಶಪಿಸುತ್ತಿದ್ದರು. ಚಳಿಗಾಲದಲ್ಲಿ ಸಿಡುಬು, ನ್ಯುಮೋನಿಯಾ. ಒಟ್ಟು 271 ಅಮೆರಿಕನ್ನರು ಆ ಜೈಲಿನಲ್ಲೇ ಸತ್ತರು.

ಬಣ್ಣ ಬೇರೆಯಾದರೂ ಚಳಿ ಒಂದೇ, ಹಸಿವು ಒಂದೇ, ಬಟ್ಟೆ ಒಂದೇ. ಇಂಥ ಕಡೆ ಆ ಅರ್ಜಿ ಬಂತು. ಕರಿಯರು ಕಳ್ಳರು, ಅವರ ಜೊತೆ ಇರಲಾಗದು ಅಂತ ನೆಪ. ಜೈಲಿನಲ್ಲಿ ಬಿಳಿಯ ಕಳ್ಳರಿಗೇನೂ ಬರವಿರಲಿಲ್ಲ. ಬಿಳಿಯ ಖೈದಿಗಳೇ ತಮ್ಮ ಪಂಚಾಯಿತಿ ಮಾಡಿ, ತಮ್ಮವರನ್ನೇ ಕಳ್ಳತನಕ್ಕೆ ಚಾವಟಿಯಲ್ಲಿ ಹೊಡೆಸಿದ ಸಂಗತಿಗಳಿವೆ. ಆದರೆ ಬಿಳಿಯ ಕದ್ದರೆ ಅವನೊಬ್ಬ ಕಳ್ಳ, ಕರಿಯ ಕದ್ದರೆ ಅವನ ಕುಲವೇ ಕಳ್ಳ.

ಗಮನಿಸಬೇಕಾದ್ದು ಇಷ್ಟು. ಈ ವಿಂಗಡಣೆಯನ್ನು ಅಮೆರಿಕದ ಯಾವ ಕಾನೂನೂ ಹೇರಲಿಲ್ಲ. ಯಾವ ತೋಟದ ಒಡೆಯನೂ ಅಲ್ಲಿರಲಿಲ್ಲ. ಕೇಳಿದವರು ಬಡ ನಾವಿಕರು, ದುಡಿಯುವ ಜನ. ಕೊಟ್ಟವರು ಬ್ರಿಟಿಷರು, ಅವರಿಗೆ ಒಡೆದು ಆಳುವುದು ಹೊಸದಲ್ಲ. 2022ರಲ್ಲಿ ಈ ಜೈಲಿನ ಬಗ್ಗೆ ಪುಸ್ತಕ ಬರೆದ ಚರಿತ್ರಕಾರ ನಿಕೋಲಸ್ ಗಯಾಟ್, ಬಣ್ಣದ ಮೇಲೆ ವಿಂಗಡಿಸಿದ ಜೈಲು ಅಮೆರಿಕದ ಇತಿಹಾಸದಲ್ಲಿ ಇದೇ ಮೊದಲನೆಯದು ಎನ್ನುತ್ತಾರೆ. ಆ ಜೈಲು ಅಮೆರಿಕದ ನೆಲದಲ್ಲಿ ಇರಲೂ ಇಲ್ಲ. ಮನುಷ್ಯ ಸರಪಳಿಯಲ್ಲಿದ್ದಾಗಲೂ ತನ್ನ ಕೆಳಗೊಬ್ಬನನ್ನು ಹುಡುಕುತ್ತಾನೆ. ಮೇಲಿನವನ ಕಾಲು ತನ್ನ ತಲೆಯ ಮೇಲಿದ್ದರೂ, ತನ್ನ ಕಾಲಿಗೊಂದು ತಲೆ ಸಿಕ್ಕರೆ ಸಾಕು ಅವನಿಗೆ.

ನಾಲ್ಕನೇ ನಂಬರು

ಹಾಗೆ ತಳ್ಳಿಸಿಕೊಂಡವರು ಅಲ್ಲಿ ಅಳುತ್ತ ಕೂರಲಿಲ್ಲ.

ನಾಲ್ಕನೇ ಕಟ್ಟಡದ ಮೇಲಟ್ಟ ಒಂದು ಪೇಟೆಯೇ ಆಯಿತು. ಒಂದು ಮೂಲೆಯಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದರು, ಇನ್ನೊಂದು ಮೂಲೆಯಲ್ಲಿ ಕುಣಿತ, ಸಂಗೀತ. ಜೂಜೂ ಇತ್ತು. ಸೈಮನ್ ಎಂಬ ಕಪ್ಪು ಬೋಧಕ ಭಾನುವಾರ ಪ್ರಾರ್ಥನೆ ನಡೆಸುತ್ತಿದ್ದ. ನಾಟಕದ ತಂಡವಿತ್ತು, ಕಾಸು ಕೊಟ್ಟವರಿಗೆ ಪ್ರವೇಶ. ಅವರು ಶೇಕ್ಸ್‌ಪಿಯರನ 'ರೋಮಿಯೋ ಜೂಲಿಯೆಟ್' ಆಡಿದರು, 'ಒಥೆಲೋ' ಆಡಿದರು. ಬಿಳಿಯರ ರಾಜ್ಯಕ್ಕಾಗಿ ಯುದ್ಧ ಗೆದ್ದುಕೊಟ್ಟ ಕರಿಯ ಸೇನಾಪತಿಯ ದುರಂತ ಅದು. ಅದನ್ನು ಕರಿಯ ಯುದ್ಧಖೈದಿಗಳು, ತಮ್ಮನ್ನು ಹೊರಗೆ ಹಾಕಿದ ಬಿಳಿಯ ಯುದ್ಧಖೈದಿಗಳ ಮುಂದೆ ಆಡುತ್ತಾರೆ! ಐರಾ ಆಲ್ಡ್ರಿಜ್ ಎಂಬ ಹೆಸರಾಂತ ಕಪ್ಪು ನಟ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಒಥೆಲೋ ಆಗಿದ್ದು 1833ರಲ್ಲಿ. ಈ ಹೆಸರಿಲ್ಲದ ನಟರು ಅದಕ್ಕೂ ಹದಿನೆಂಟು ವರ್ಷ ಮೊದಲೇ ಇಂಗ್ಲೆಂಡಿನಲ್ಲಿ ಆ ಪಾತ್ರ ಮಾಡಿ ಮುಗಿಸಿದ್ದರು.

ಕರಿಯರನ್ನು ಬೇರೆ ಹಾಕಿ ಅಂದ ಬಿಳಿಯರೇ ಸಂಜೆಯಾದರೆ ನಾಲ್ಕನೇ ನಂಬರಿಗೆ ಬರುತ್ತಿದ್ದರು. ನಾಟಕ ನೋಡಲು, ಬಾಕ್ಸಿಂಗ್ ಕಲಿಯಲು, ಪ್ರಾರ್ಥನೆ ಕೇಳಲು, ಜೂಜಾಡಲು. ಕೆಲವು ಬಿಳಿಯರಂತೂ ಅಲ್ಲೇ ಬಂದು ಉಳಿದರು. ಪಕ್ಕ ಮಲಗಲು ಮೈಲಿಗೆ, ಹಾಡು ಕೇಳಲು ಮೈಲಿಗೆಯಿಲ್ಲ. ಇದು ನಮಗೆ ತಿಳಿಯದ ವ್ಯವಹಾರವೇ?

ಆ ಕಟ್ಟಡದ ಯಜಮಾನ ಒಬ್ಬ ಭಾರೀ ಆಳು, ರಿಚರ್ಡ್ ಕ್ರೇಫಸ್. ಎಲ್ಲರ ಬಾಯಲ್ಲಿ 'ಕಿಂಗ್ ಡಿಕ್'. ಆರಡಿ ಮೂರಿಂಚಿನ ಎತ್ತರ, ತಲೆಗೆ ಕರಡಿ ಚರ್ಮದ ಟೋಪಿ, ಕೈಯಲ್ಲಿ ದೊಣ್ಣೆ. ದಿನಾ ಜೋಲಿಗಳ ಸಾಲಿನಲ್ಲಿ ಸುತ್ತುಹಾಕಿ, ಕೊಳಕು ಮಾಡಿದವನಿಗೆ, ಕುಡಿದು ಬಿದ್ದವನಿಗೆ, ಕದ್ದವನಿಗೆ ಶಿಕ್ಷೆ ಕೊಡುತ್ತಿದ್ದ. ಅವನನ್ನು ನಾವು ದೇವರು ಮಾಡಬೇಕಾಗಿಲ್ಲ. ದೊಣ್ಣೆಯ ಆಳ್ವಿಕೆ ದೊಣ್ಣೆಯ ಆಳ್ವಿಕೆಯೇ. ಅದರ ಏಟು ತಿಂದವರೂ ಕಪ್ಪು ಖೈದಿಗಳೇ.

ಆದರೆ ಅವನ ಬಗ್ಗೆ ನಮಗೆ ಗೊತ್ತಿರುವುದನ್ನು ಬರೆದವರು ಯಾರು? ಬಿಳಿಯ ಖೈದಿಗಳು. ಚಾರ್ಲ್ಸ್ ಆಂಡ್ರೂಸ್‌ನ ನೆನಪುಗಳು 1815ರಲ್ಲಿ ಬಂದವು. ಬೆಂಜಮಿನ್ ವಾಟರ್‌ಹೌಸ್ ಪ್ರಕಟಿಸಿದ ದಿನಚರಿ 1816ರಲ್ಲಿ. ಅನಂತರ ಇನ್ನೂ ಹಲವು. ಬರೆಯುತ್ತ ಬರೆಯುತ್ತ ಡಿಕ್‌ನನ್ನು ಇನ್ನಷ್ಟು ಎತ್ತರ ಬೆಳೆಸಿದರು, ರಾಕ್ಷಸನಂತೆ ಮಾಡಿದರು, ನಗೆಪಾಟಲು ಮಾಡಿದರು. ಬಿಳಿಯರ ಕಟ್ಟಡಗಳಲ್ಲಿ ಚುನಾವಣೆ, ಸಮಿತಿ, ಕಾಯಿದೆ. ಕರಿಯರಿಗೆ ರಾಜನೇ ಬೇಕು, ಅವರು ಪ್ರಜಾಪ್ರಭುತ್ವಕ್ಕೆ ಲಾಯಕ್ಕಲ್ಲ ಎಂಬ ಪಾಠ ತೆಗೆದರು. ಆ ಸಮಿತಿಗಳ ಚುನಾವಣೆಯಲ್ಲಿ ಕರಿಯನಿಗೆ ಮತ ಕೊಟ್ಟಿದ್ದರೇ? ಬಾಗಿಲು ಮುಚ್ಚಿದವನೇ, ನೋಡಿ ಇವನಿಗೆ ಒಳಗೆ ಬರಲು ಗೊತ್ತಿಲ್ಲ ಅಂತ ನಗುತ್ತಾನೆ. ನಾಲ್ಕನೇ ನಂಬರಿನ ಸಾವಿರ ಮಂದಿ ಅದೇ ದಿನಗಳ ಬಗ್ಗೆ ಬರೆದ ಒಂದು ಪುಸ್ತಕವೂ ಆ ಪುಸ್ತಕಗಳ ಸಾಲಿನಲ್ಲಿ ನಿಲ್ಲಲಿಲ್ಲ. ಅವರ ಬಗ್ಗೆ ಲೇವಡಿಯಿಲ್ಲದೆ ಬರೆದಿಟ್ಟದ್ದು ಶತ್ರುವಿನ ಗುಮಾಸ್ತನ ಆ ರಿಜಿಸ್ಟರು. ಅದರಲ್ಲಾದರೂ ಒಬ್ಬೊಬ್ಬನಿಗೂ ಒಂದು ಹೆಸರಿದೆ, ಒಂದು ಊರಿದೆ.

1815ರ ಏಪ್ರಿಲ್ 6

1814ರ ಡಿಸೆಂಬರ್ 24ರಂದು ಗೆಂಟ್ ನಗರದಲ್ಲಿ ಶಾಂತಿ ಒಪ್ಪಂದವಾಯಿತು. 1815ರ ಫೆಬ್ರವರಿ 17ರಂದು ಅಮೆರಿಕದ ಒಪ್ಪಿಗೆಯೂ ಬಿತ್ತು. ಯುದ್ಧ ಮುಗಿಯಿತು, ಸೆರೆ ಮುಗಿಯಲಿಲ್ಲ. ಕರೆದೊಯ್ಯಲು ಹಡಗಿಲ್ಲ, ಹಡಗಿಗೆ ದುಡ್ಡು ಯಾರು ಕೊಡಬೇಕು ಅಂತ ಎರಡು ಸರ್ಕಾರಗಳ ಚೌಕಾಸಿ. ಏಪ್ರಿಲ್ ಮೊದಲ ವಾರದಲ್ಲಿ ರೊಟ್ಟಿಯ ಬದಲು ಗಟ್ಟಿ ಬಿಸ್ಕತ್ತು ಕೊಡಲು ಹೋದಾಗ ಖೈದಿಗಳು ರೊಚ್ಚಿಗೆದ್ದರು. 6ನೇ ತಾರೀಖು ಸಂಜೆ ಗೋಡೆಯಲ್ಲೊಂದು ತೂತು ಕಂಡಿತು ಅಂತ ಅಪಾಯದ ಗಂಟೆ ಬಾರಿಸಿದರು. ಏನಾಯಿತು ಅಂತ ನೋಡಲು ಖೈದಿಗಳು ಅಂಗಳಕ್ಕೆ ನುಗ್ಗಿದರು. ಅಧಿಕಾರಿ ಶಾರ್ಟ್‌ಲ್ಯಾಂಡ್ ಸಿಪಾಯಿಗಳೊಡನೆ ಬಂದ. ಗುಂಡು ಹಾರಿತು. ಓಡುತ್ತಿದ್ದವರ ಬೆನ್ನಿಗೂ ಹಾರಿತು. ಸತ್ತವರು ಒಟ್ಟು ಒಂಬತ್ತು ಮಂದಿ. ಗಾಯಗೊಂಡವರು ಹತ್ತಾರು.

ಸತ್ತವರಲ್ಲಿ ಒಬ್ಬ ವರ್ಜೀನಿಯಾದ ಕಪ್ಪು ನಾವಿಕ ಜಾನ್ ಹೇವುಡ್. ಇನ್ನೊಬ್ಬ ಥಾಮಸ್ ಜಾಕ್ಸನ್, ಮೀಸೆ ಮೂಡದ ಹುಡುಗ. ಎರಡೂ ಸರ್ಕಾರಗಳ ಪರವಾಗಿ ಒಬ್ಬೊಬ್ಬ ಕೂತು ವಿಚಾರಣೆ ಮಾಡಿದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಬಂದೂಕಿಗೆ ಕಟ್ಟಡದ ನಂಬರು ಬೇಕಿರಲಿಲ್ಲ. ಬೇರೆ ಮಲಗಿಸಿ ಅಂತ ಅರ್ಜಿ ಕೊಟ್ಟವರೂ, ಬೇರೆ ಮಲಗಿದವರೂ ಜೈಲಿನ ಹಿಂದಿನ ಅದೇ ಬಯಲಿನಲ್ಲಿ ಮಣ್ಣಾದರು.

ಮನೆಗೆ ಬಂದ ಮೇಲೆ

ಬದುಕಿದವರು ಆ ಬೇಸಿಗೆಯಲ್ಲಿ ಮನೆಯ ಹಾದಿ ಹಿಡಿದರು. ಕಿಂಗ್ ಡಿಕ್ ಬಾಸ್ಟನ್ನಿಗೆ ಹೋಗಿ ಬಾಕ್ಸಿಂಗ್ ಕಲಿಸುತ್ತ ಬದುಕಿ, 1831ರಲ್ಲಿ ತೀರಿಕೊಂಡ. ಆದರೆ ಮನೆ ಅಂದರೆ ವರ್ಜೀನಿಯಾ, ಮೇರಿಲ್ಯಾಂಡ್ ಆಗಿದ್ದವರಿಗೆ ಹಡಗಿನಿಂದ ಇಳಿಯುವುದೇ ಇನ್ನೊಂದು ಭಯ. ಅಲ್ಲಿ ಕಪ್ಪು ಮನುಷ್ಯ ಸ್ವತಂತ್ರ ಅಂತ ಅವನೇ ಸಾಬೀತು ಮಾಡಬೇಕು.

1822ರಲ್ಲಿ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಡೆನ್ಮಾರ್ಕ್ ವೆಸಿ ಎಂಬ ಬಡಗಿ, ಹಿಂದೆ ಗುಲಾಮನಾಗಿದ್ದವನು, ಬಂಡಾಯಕ್ಕೆ ಸಂಚು ಮಾಡಿದ ಅಂತ ಗಲ್ಲಿಗೇರಿಸಿದರು. ಅದರ ಬೆನ್ನಿಗೇ ಆ ರಾಜ್ಯ ಒಂದು ಕಾನೂನು ತಂದಿತು. ಬಂದರಿಗೆ ಬಂದ ಯಾವ ಹಡಗಿನಲ್ಲೇ ಸ್ವತಂತ್ರ ಕಪ್ಪು ನಾವಿಕನಿರಲಿ, ಹಡಗು ಹೊರಡುವವರೆಗೆ ಅವನು ಜೈಲಿನಲ್ಲಿರಬೇಕು. ಅವನ ಜೈಲಿನ ಖರ್ಚನ್ನು ಕಪ್ತಾನ ಕಟ್ಟದಿದ್ದರೆ ಅವನನ್ನು ಗುಲಾಮನಾಗಿ ಮಾರಬಹುದು. ಯುದ್ಧವಿಲ್ಲ, ಅಪರಾಧವಿಲ್ಲ, ಆದರೂ ಸೆರೆ. ಈ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ 1823ರಲ್ಲಿ ನ್ಯಾಯಮೂರ್ತಿ ವಿಲಿಯಂ ಜಾನ್ಸನ್ ಹೇಳಿದರೂ ಆ ರಾಜ್ಯ ಕೇಳಲಿಲ್ಲ. ದಕ್ಷಿಣದ ಬೇರೆ ರಾಜ್ಯಗಳೂ ಇಂಥವೇ ಕಾನೂನು ಮಾಡಿದವು. ಶತ್ರುದೇಶದ ಜೈಲಿನಿಂದ ಬದುಕಿ ಬಂದವನಿಗೆ ತನ್ನ ದೇಶದ ಬಂದರೇ ಜೈಲಾಯಿತು.

ಅವರಿಗೆ ನಾವಿಕನ ಭಯ ಯಾಕೆ ಅಷ್ಟಿತ್ತು? ನಾವಿಕ ಸುದ್ದಿ ತರುತ್ತಾನೆ. ಹೈಟಿಯಲ್ಲಿ ಗುಲಾಮರೇ ಎದ್ದು 1804ರಲ್ಲಿ ರಾಜ್ಯ ಕಟ್ಟಿದ ಸುದ್ದಿ ತರುತ್ತಾನೆ. ಡೇವಿಡ್ ವಾಕರ್ 1829ರಲ್ಲಿ ಗುಲಾಮಗಿರಿಯ ವಿರುದ್ಧ ಕೆಂಡದಂಥ ಒಂದು ಪುಸ್ತಕ ಬರೆದ. ಬಾಸ್ಟನ್ ಬಂದರಿನ ಹತ್ತಿರ ಹಳೇ ಬಟ್ಟೆ ಮಾರುವ ಅಂಗಡಿ ಅವನದು. ಆ ಪುಸ್ತಕವನ್ನು ದಕ್ಷಿಣದ ಬಂದರುಗಳಿಗೆ ಗುಟ್ಟಾಗಿ ಒಯ್ದವರು ನಾವಿಕರು. ಪುಸ್ತಕ ಹಿಡಿದ ನಾವಿಕನಿಗಿಂತ ದೊಡ್ಡ ಅಪಾಯ ಗುಲಾಮರ ಒಡೆಯನಿಗೆ ಬೇರೆ ಇಲ್ಲ.

ಈಗ ಆ ಕಾಗದಕ್ಕೆ ಬರೋಣ. 1838ರ ಸೆಪ್ಟೆಂಬರ್ 3ರಂದು ಬಾಲ್ಟಿಮೋರ್‌ನಲ್ಲಿ ಹಡಗುಕಟ್ಟೆಯ ಕೆಲಸ ಬಲ್ಲ ಒಬ್ಬ ಗುಲಾಮ ಯುವಕ, ನಾವಿಕನ ಕೆಂಪಂಗಿ ತೊಟ್ಟು ರೈಲು ಹತ್ತಿದ. ಜೇಬಿನಲ್ಲಿ ಗೆಳೆಯನೊಬ್ಬನಿಂದ ಎರವಲು ತಂದ ನಾವಿಕನ ರಕ್ಷಣಾಪತ್ರ. ಅದರಲ್ಲಿ ಬರೆದಿದ್ದ ಚಹರೆಗೂ ಇವನಿಗೂ ಹೊಂದಿಕೆಯೇ ಇರಲಿಲ್ಲ. ಟಿಕೆಟ್ ನೋಡುವವನು ಕಾಗದದ ತಲೆಯ ಮೇಲಿನ ಹದ್ದಿನ ಚಿತ್ರ ನೋಡಿ ಮುಂದೆ ಹೋದ. ಮಾರನೇ ದಿನ ನ್ಯೂಯಾರ್ಕ್. ಆ ಯುವಕ ಫ್ರೆಡರಿಕ್ ಡಗ್ಲಾಸ್. ಗೆಳೆಯರಿಗೆ ಅಪಾಯವಾದೀತೆಂದು ಈ ಗುಟ್ಟನ್ನು ತನ್ನ ಮೊದಲ ಆತ್ಮಕಥೆಯಲ್ಲಿ ಹೇಳದೆ ಬಿಟ್ಟು, 1881ರ ಆತ್ಮಕಥೆಯಲ್ಲಿ ಪೂರ್ತಿಯಾಗಿ ಬಿಚ್ಚಿಟ್ಟ. ಹಡಗಿನ ಮಾಲೀಕರ ಲಾಭಕ್ಕೆ ಹುಟ್ಟಿದ ಕಾಗದ ಒಬ್ಬ ಗುಲಾಮನನ್ನು ಗಡಿ ದಾಟಿಸಿತು.

ಕಾಗದ ಕೊಟ್ಟ ದೇಶ ಮಾತ್ರ ಬದಲಾಗಿರಲಿಲ್ಲ. ಅದೇ 1838ರಲ್ಲಿ ಪೆನ್ಸಿಲ್ವೇನಿಯಾದ ಹೊಸ ಸಂವಿಧಾನ ಮತದ ಹಕ್ಕು ಬಿಳಿಯರಿಗೆ ಮಾತ್ರ ಅಂತ ಬರೆಯಿತು. ಜರ್ಸಿ ಹಡಗಿನಲ್ಲಿ ಆ ದೇಶಕ್ಕಾಗಿ ಕೊಳೆತ ಫೋರ್ಟನ್ ಆಗ 72 ವರ್ಷದ ಮುದುಕ. ಅದನ್ನು ಕಣ್ಣಾರೆ ಕಂಡು, 1842ರಲ್ಲಿ ತೀರಿಕೊಂಡ. ಕಪ್ಪು ಮನುಷ್ಯ ಪ್ರಜೆಯೇ ಅಲ್ಲ ಅಂತ 1857ರಲ್ಲಿ ಸುಪ್ರೀಂ ಕೋರ್ಟು ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಪ್ರಜೆ ಎಂಬ ಮಾತು ಸಂವಿಧಾನದಲ್ಲಿ ಸೇರಲು ಅಂತರ್ಯುದ್ಧವಾಗಿ, 1868ರ 14ನೇ ತಿದ್ದುಪಡಿ ಬರಬೇಕಾಯಿತು. ಡಾರ್ಟ್‌ಮೂರ್‌ಗೆ ಬಂದ ನಾವಿಕರ ಜೇಬಿನಲ್ಲಿ ಅದೇ ಮಾತು ಅರ್ಧ ಶತಮಾನಕ್ಕೂ ಮೊದಲೇ ಮಡಿಸಿ ಕೂತಿತ್ತು.

ಎರಡು ಅರ್ಜಿಗಳು

ಈ ಕಥೆ ನಮಗೇಕೆ ಅಂತ ಕೇಳುವವರಿದ್ದಾರೆ. ಜೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ನೀಗ್ರೋ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. 1946ರಲ್ಲಿ ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಒಂದು ಅರ್ಜಿ ಕೊಟ್ಟಿದ್ದಾರೆಂದು ಕೇಳಿ, ಬಾಬಾಸಾಹೇಬ್ ಅಂಬೇಡ್ಕರರು ಅಲ್ಲಿನ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್‌ಗೆ ಕಾಗದ ಬರೆದರು. ಆ ಅರ್ಜಿಯ ಎರಡು ಮೂರು ಪ್ರತಿ ಕಳಿಸಿಕೊಡಿ, ಅಸ್ಪೃಶ್ಯರೂ ಅದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆ ಅಂತ ಕೇಳಿದರು. ಡುಬಾಯ್ಸ್ ಅದೇ ತಿಂಗಳು ಉತ್ತರ ಬರೆದರು.

ಹಾಗಾಗಿ ಲೋಕದಲ್ಲಿ ಎರಡು ಥರದ ಅರ್ಜಿಗಳಿವೆ. ಒಂದು, ಇವನನ್ನು ನನ್ನಿಂದ ಬೇರೆ ಮಾಡಿ ಅಂತ ಮೇಲಿನವನಿಗೆ ಕೊಡುವ ಅರ್ಜಿ. ಅದನ್ನು ಯಾವ ಪ್ರಭುತ್ವವೂ ಕೂಡಲೇ ಒಪ್ಪುತ್ತದೆ, ಅದಕ್ಕೆ ಖರ್ಚಿಲ್ಲ. ಇನ್ನೊಂದು, ನನ್ನನ್ನೂ ಮನುಷ್ಯ ಅಂತ ಬರೆದುಕೊಳ್ಳಿ ಎಂಬ ಅರ್ಜಿ. ಅದಕ್ಕೆ ವಿರೋಧವಾಗಿ 85, ಪರವಾಗಿ ಒಂದು ಮತ ಬೀಳುತ್ತದೆ. ಬಿದ್ದರೂ ಫೋರ್ಟನ್‌ಗಳು ಮತ್ತೆ ಸಹಿ ಹಾಕುತ್ತಾರೆ.

ಹಳ್ಳಿಯ ಶಾಲೆಯಲ್ಲಿ ಅಮೆರಿಕದ ಪಾಠ ಮಾಡುವ ಮೇಷ್ಟ್ರುಗಳಲ್ಲಿ ಒಂದು ಮಾತು. ವಾಷಿಂಗ್ಟನ್ ಬಗ್ಗೆ ಹೇಳಿ, ಬೇಡ ಅನ್ನುವುದಿಲ್ಲ. ಹೇಳಿ ಮುಗಿದ ಮೇಲೆ, ಬಟ್ಟೆಪೆಟ್ಟಿಗೆಯ ಜಾಗವನ್ನು ಬಿಳಿಯ ಹುಡುಗನಿಗೆ ಬಿಟ್ಟುಕೊಟ್ಟ ಆ ಗೋಲಿಯಾಟದ ಹುಡುಗನ ಹೆಸರನ್ನೂ ಬೋರ್ಡಿನ ಮೇಲೆ ಬರೆಯಿರಿ. ಅದರ ಕೆಳಗೆ ಜಾನ್ ಹೇವುಡ್, ವರ್ಜೀನಿಯಾ, 1815 ಅಂತ ಬರೆಯಿರಿ. ಮಕ್ಕಳು ಯಾರಿವರು ಅಂತ ಕೇಳುತ್ತಾರೆ. ಪಾಠ ಅಲ್ಲಿಂದ ಶುರುವಾಗಲಿ.